ಕೌದಿಗೂ ಒಂದು ಚರಿತ್ರೆಯಿದೆ

ರಾಯಚೂರು ಕೋಟೆಯ ಗೋಡೆಯಲ್ಲಿ ನಲವತ್ತು ಅಡಿಗೂ ಉದ್ದದ ಒಂದು ಕಲ್ಲಿದೆ. 1294ರಲ್ಲಿ ಕೋಟೆ ಕಟ್ಟಿಸಿದ ಒಡೆಯನ ಹೆಸರನ್ನು ಅದು ಹೇಳುತ್ತದೆ. ಆ ಕಲ್ಲನ್ನು ಬಂಡಿಯ ಮೇಲೆ ಹೇರಿ ತಂದ ಚಿತ್ರವೂ ಅಲ್ಲೇ ಕೊರೆದಿದೆ. ದುಡಿದವರ ಹೆಸರು ಮಾತ್ರ ಇಲ್ಲ. 1520ರ ಯುದ್ಧದಲ್ಲಿ ಯಾರು ಗೆದ್ದರು, ಯಾರು ಸೋತರು ಎಂದು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇವೆ. ಈ ನೆಲದ ಜನ ಏನು ಹೊದ್ದು ಮಲಗಿದರು ಎಂದು ಯಾರೂ ಕೇಳಲಿಲ್ಲ.

ಅವರು ಹೊದ್ದದ್ದು ಕೌದಿ. ಅದಕ್ಕೆ ಶಾಸನವಿಲ್ಲ. ಹಳೆ ಕೌದಿ ಹರಿದರೆ ಹೊಸ ಕೌದಿಯ ಹೊಟ್ಟೆಯೊಳಗೆ ಹೋಗುತ್ತದೆ. ಅಲ್ಲೂ ಸವೆದರೆ ಒಲೆ ಮುಂದಿನ ಮಸಿಅರಿವಿ. ಬಡವರ ದಾಖಲೆ ಹೀಗೆ ಬಳಸಿಯೇ ಮುಗಿದುಹೋಯಿತು.

ಕೃಷ್ಣೆ ತುಂಗಭದ್ರೆಯರ ನಡುವಿನ ಈ ಎರಿ ನೆಲ ಹತ್ತಿಯ ನೆಲ. ಸೈನ್ಯದ ಸಾಲದ ಲೆಕ್ಕದಲ್ಲಿ 1853ರಲ್ಲಿ ಬ್ರಿಟಿಷರು ಬೇರಾರಿನ ಜೊತೆ ರಾಯಚೂರು ದೋಆಬನ್ನೂ ನಿಜಾಮನಿಂದ ಕಿತ್ತುಕೊಂಡರು; 1860ರಲ್ಲಿ ಮರಳಿಸಿದರು. 1948ರಲ್ಲಿ ನಿಜಾಮನ ಆಳ್ವಿಕೆಯೂ ಹೋಯಿತು. ಒಡೆಯರು ಬದಲಾದರು, ಹೊಲದಾಗ ಹತ್ತಿ ಬಿಡಿಸುವ ಕೈ ಬದಲಾಗಲಿಲ್ಲ. ಹತ್ತಿ ತುಂಬಿದ ಗಾದಿ ಗೌಡರ ಮನಿಗೆ. ಹತ್ತಿ ಬಿಡಿಸಿದವಳಿಗೆ ಹರಕು ಅರಿವಿಯ ಕೌದಿ. ಕೌದಿಯೊಳಗೆ ಹತ್ತಿ ತುಂಬುವುದಿಲ್ಲ ಎಂಬುದನ್ನು ನೆನಪಿಡಿ.

ಹಳೆ ಪತ್ತಲ, ಧೋತರ ಕೆಳಗೆ ಹಾಸಬೇಕು. ನಡುವೆ ಹರಿದ ಅಂಗಿ, ಕುಬಸದ ತುಂಡುಗಳನ್ನು ಪದರ ಪದರವಾಗಿ ಇಡಬೇಕು. ಮೇಲೆ ಬಣ್ಣದ ತೇಪಿ. ಆಮೇಲೆ ಅಂಚಿನಿಂದ ಅಂಚಿಗೆ, ಹೊಲದ ಸಾಲಿನಂತೆ ಒತ್ತೊತ್ತಾಗಿ ಹೊಲಿಗೆ. ಪದರಗಳ ನಡುವೆ ನಿಂತ ಗಾಳಿಯೇ ಚಳಿ ತಡೆಯುತ್ತದೆ. ನಮ್ಮವ್ವ ಅಕ್ಷರ ಕಲಿತವಳಲ್ಲ. ತೇಪಿ ಮುಟ್ಟಿ, 'ಇದು ನಿಮ್ಮ ಮುತ್ಯಾನ ಧೋತರ, ಇದು ನಿಮ್ಮಕ್ಕನ ಕುಂಚಿಗಿ' ಅಂತಿದ್ದಳು. ನಮ್ಮ ಮನಿಯ ವಂಶಾವಳಿ ಇದ್ದದ್ದು ಅದರಲ್ಲೇ.

ಕೌದಿಯನ್ನೇ ಕಸುಬು ಮಾಡಿಕೊಂಡವರೂ ಇದ್ದಾರೆ. ಉತ್ತರ ಕರ್ನಾಟಕದಲ್ಲಿ ಗೊಂದಲಿಗರ ಗಂಡಸರು ದೇವಿಯ ಕಥೆ ಹಾಡಿದರೆ, ಹೆಂಗಸರು ಊರೂರು ತಿರುಗಿ ಕೌದಿ ಹೊಲಿದರು. ಕೂಲಿ ಕಾಳುಕಡಿ, ಹಳೆ ಅರಿವಿ. ಅವರು ಹೊಲಿದ ಕೌದಿ ಪಡಸಾಲೆಗೆ ಹೋಯಿತು. ಅವರ ಬಿಡಾರ ಊರ ಹೊರಗೇ ಉಳಿಯಿತು.

ಇದು ಬಳಕೆಯ ವಸ್ತು, ಕಲೆಯಲ್ಲ ಅನ್ನುವ ಪಂಡಿತರಿದ್ದಾರೆ. ಯಲ್ಲಾಪುರ, ಹಳಿಯಾಳದ ಸಿದ್ದಿ ಹೆಣ್ಣುಮಕ್ಕಳು ತಮ್ಮ ಕವಂದಿಯ ಮೂಲೆಗಳಿಗೆ 'ಫುಲಾ' ಎಂಬ ಮಡಿಕೆಯ ಹೂ ಹೊಲಿಯುತ್ತಾರೆ. ಅದಿಲ್ಲದೆ ಕವಂದಿ ಪೂರ್ತಿಯಾಗದು. ಆ ಹೂವಿನಿಂದ ಚಳಿ ನಿಲ್ಲುವುದಿಲ್ಲವಲ್ಲ, ಮತ್ತೆ ಯಾಕೆ ಹೊಲಿದರು? ಅಮೆರಿಕದ ಅಲಬಾಮಾದ ಗೀಸ್ ಬೆಂಡ್‌ನಲ್ಲಿ ಗುಲಾಮರ ಮೊಮ್ಮಕ್ಕಳು ದುಡಿಮೆಯ ಹಳೆ ಬಟ್ಟೆಗಳಿಂದ ಹೊಲಿದ ಕೌದಿಗಳನ್ನು 2002ರಲ್ಲಿ ಹ್ಯೂಸ್ಟನ್ನಿನ ಮ್ಯೂಸಿಯಂ ಗೋಡೆಗೆ ತೂಗುಹಾಕಿತು. ಗೋಡೆಗೆ ಏರುವ ಮೊದಲೂ ಅದು ಕಲೆಯೇ ಆಗಿತ್ತು.

ಚೀವರವನ್ನು ಮಗಧದ ಗದ್ದೆಗಳಂತೆ ತುಂಡು ಕೂಡಿಸಿ ಹೊಲಿಸಲು ಬುದ್ಧ ಆನಂದನಿಗೆ ಹೇಳಿದನೆಂದು ವಿನಯಪಿಟಕದಲ್ಲಿದೆ. ನಮ್ಮ ಜಿಲ್ಲೆಯ ಮಸ್ಕಿಯಲ್ಲೇ ಇರುವ ಅಶೋಕನ ಶಾಸನ, ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಧಮ್ಮದ ಫಲ ಪಡೆಯಬಲ್ಲರು ಎನ್ನುತ್ತದೆ. ಕೋಟೆಯ ಕಲ್ಲಿಗಿಂತ ಈ ಕಲ್ಲು ನಮಗೆ ಹತ್ತಿರದ್ದು.

ತುಂಗಭದ್ರೆಯ ಕಾಲುವೆ ಮಾನ್ವಿಗೆ ಭತ್ತ ತಂದಿತು, ನಾರಾಯಣಪುರದ ನೀರು ದೇವದುರ್ಗಕ್ಕೆ ಬಂತು. ಆದರೂ ದೇವದುರ್ಗದ ಕೂಲಿಜನ ಬೆಂಗಳೂರು, ಪುಣೆಗೆ ಗುಳೆ ಹೋಗುವುದು ನಿಂತಿಲ್ಲ. ಗಂಟಿನಲ್ಲಿ ಈಗ ಕೌದಿಯ ಬದಲು ಅಗ್ಗದ ಪಾಲಿಯೆಸ್ಟರ್ ಚಾದರ. ಕೌದಿ ನಗರದ ಅಂಗಡಿಯಲ್ಲಿ ಅಲಂಕಾರವಾಗಿದೆ. ಅಲ್ಲಿನ ಬೆಲೆಯಲ್ಲಿ ಹೊಲಿದವಳ ಪಾಲು ಎಷ್ಟು? ಅವಳ ಹೆಸರು ಎಲ್ಲಿ? ಈ ಎರಡು ಪ್ರಶ್ನೆ ಬಿಟ್ಟು 'ಜನಪದ ಸಂಸ್ಕೃತಿ' ಹೊಗಳುವುದು ಬರೀ ವ್ಯಾಪಾರ.

ಊರಿನ ಮೇಷ್ಟ್ರುಗಳೇ, ಒಂದು ಕೆಲಸ ಮಾಡಿ. ಮನೆಯ ಕೌದಿಯ ಒಂದೊಂದು ತೇಪಿ ಯಾರದು, ಹೊಲಿದವರು ಯಾರು, ಕೂಲಿ ಏನು ಸಿಕ್ಕಿತು ಎಂದು ಅಜ್ಜಿಯರನ್ನು ಕೇಳಿ ಬರೆದು ತರಲು ಮಕ್ಕಳಿಗೆ ಹೇಳಿ. ಹೆಸರುಗಳನ್ನು ತಪ್ಪದೆ ಬರೆಸಿ.