ಮನೆಯ ದಾಸ್ತಾನು, ನೆರೆಮನೆಯ ಹಸಿವು: ಹಿಜರಿ 18ರ ಪಾಠ

2020ರ ಮಾರ್ಚ್ 24ರ ರಾತ್ರಿ ಎಂಟು ಗಂಟೆಗೆ ಘೋಷಣೆ ಹೊರಬಿತ್ತು. ಅಂದು ನಡುರಾತ್ರಿಯಿಂದ 21 ದಿನ ಇಡೀ ದೇಶ ಮನೆಯೊಳಗೇ ಇರಬೇಕು. ಉಳಿದಿದ್ದದ್ದು ನಾಲ್ಕೇ ಗಂಟೆ. ನಮ್ಮಲ್ಲಿ ಅನೇಕರು ಚೀಲ ಹಿಡಿದು ಕಿರಾಣಿ ಅಂಗಡಿಗೆ ಓಡಿದೆವು. ಕೈಯಲ್ಲಿ ಹಣವಿದ್ದವರು ಎರಡು ಮೂರು ತಿಂಗಳಿಗಾಗುವಷ್ಟು ಅಕ್ಕಿ, ಬೇಳೆ, ಎಣ್ಣೆ ತಂದು ಒಳಗಿಟ್ಟರು. ಅಂದಿನ ಕೂಲಿಯಲ್ಲಿ ಅಂದಿನ ಅಕ್ಕಿ ಕೊಳ್ಳುವವರು ಏನು ಮಾಡಬೇಕೆಂದು ತಿಳಿಯದೆ ನಿಂತರು. ಆ ಮೇಲೆ ಮಸೀದಿಗಳಲ್ಲಿ ಜುಮಾ ನಿಂತಿತು, ಮನೆಯಲ್ಲೇ ಝುಹ್ರ್ ನಿರ್ವಹಿಸಿದೆವು. ಆ ದಿನಗಳಲ್ಲಿ ಎರಡು ಪ್ರಶ್ನೆಗಳು ಮತ್ತೆ ಮತ್ತೆ ಕೇಳಿಬಂದವು. ಅಲ್ಲಾಹನ ಮೇಲೆ ಭರವಸೆ ಇಟ್ಟವನು ನಾಳೆಗೆಂದು ಕೂಡಿಡಬಹುದೇ? ಕೂಡಿಡಬಹುದಾದರೆ, ಎಷ್ಟು?

ಇವು ಹೊಸ ಪ್ರಶ್ನೆಗಳಲ್ಲ. ಹಿಜರಿ 18ರಲ್ಲಿ, ಅಂದರೆ ಕ್ರಿ.ಶ. 639ರ ಹೊತ್ತಿಗೆ, ಮುಸ್ಲಿಮ್ ಸಮುದಾಯವು ಎರಡು ವಿಪತ್ತುಗಳನ್ನು ಒಟ್ಟಿಗೆ ಕಂಡಿತು. ಮದೀನಾದ ಸುತ್ತ ಬರಗಾಲ, ಸಿರಿಯಾದಲ್ಲಿ ಪ್ಲೇಗ್. ಒಂದು ಕಡೆ ಉಣ್ಣಲು ಇರಲಿಲ್ಲ, ಇನ್ನೊಂದು ಕಡೆ ಊರು ಬಿಟ್ಟು ಹೊರಡುವಂತಿರಲಿಲ್ಲ. ಎರಡನ್ನೂ ಎದುರಿಸಬೇಕಾದವರು ಒಬ್ಬರೇ, ದ್ವಿತೀಯ ಖಲೀಫ ಹಝ್ರತ್ ಉಮರ್(ರ). ಅವರು ಆಗ ಏನು ಮಾಡಿದರು ಎಂಬುದರಲ್ಲಿ ನಮ್ಮ ಪ್ರಶ್ನೆಗಳಿಗೆ ಉತ್ತರವಿದೆ.

ಪ್ರವಾದಿ(ಸ)ರ ಮನೆಯಲ್ಲಿ

ಮೊದಲು ಕೂಡಿಡುವ ವಿಷಯ. ಈಜಿಪ್ಟಿನಲ್ಲಿ ಪ್ರವಾದಿ ಯೂಸುಫ್(ಅ) ಏಳು ವರ್ಷಗಳ ಬೆಳೆಯಲ್ಲಿ ತಿನ್ನುವಷ್ಟನ್ನು ಮಾತ್ರ ತೆಗೆದು, ಉಳಿದುದನ್ನು ತೆನೆಯಲ್ಲೇ ಬಿಟ್ಟು ಕಾಪಿಡಲು ಹೇಳಿದ್ದನ್ನು ಕುರ್‌ಆನ್ ನಮಗೆ ತಿಳಿಸಿದೆ. ಮುಂದೆ ಬರಲಿದ್ದ ಬರಗಾಲಕ್ಕೆ ಅದು ಸಿದ್ಧತೆಯಾಗಿತ್ತು. ಪ್ರವಾದಿಯೊಬ್ಬರು ಮಾಡಿಸಿದ ಕೆಲಸ ತವಕ್ಕುಲ್‌ಗೆ ವಿರುದ್ಧವಾಗಲು ಸಾಧ್ಯವಿಲ್ಲ.

ಪ್ರವಾದಿ ಮುಹಮ್ಮದ್(ಸ)ರ ಮನೆಯ ಬಗ್ಗೆಯೂ ಸ್ಪಷ್ಟ ವರದಿಯಿದೆ. ಬನೂ ನದೀರ್‌ನ ತೋಟಗಳ ಖರ್ಜೂರವನ್ನು ಅವರು ಮಾರುತ್ತಿದ್ದರು ಮತ್ತು ತಮ್ಮ ಕುಟುಂಬಕ್ಕೆ ಒಂದು ವರ್ಷಕ್ಕಾಗುವಷ್ಟು ಆಹಾರವನ್ನು ತೆಗೆದಿಡುತ್ತಿದ್ದರು. ಇಮಾಮ್ ಬುಖಾರಿ(ರಹ್) ಈ ಹದೀಸನ್ನು ಕುಟುಂಬದ ಖರ್ಚುವೆಚ್ಚದ ಅಧ್ಯಾಯದಲ್ಲಿ ಸೇರಿಸಿದ್ದಾರೆ. ಇದನ್ನು ವರದಿ ಮಾಡಿದವರು ಬೇರಾರೂ ಅಲ್ಲ, ಉಮರ್(ರ).

ಆದರೆ ಇನ್ನೊಂದು ವರದಿಯೂ ನಮಗೆ ಗೊತ್ತು. ಪ್ರವಾದಿ(ಸ) ಇಹಲೋಕ ತ್ಯಜಿಸುವಾಗ ಅವರ ಯುದ್ಧಕವಚ 30 ಸಾಅ್ ಬಾರ್ಲಿಗಾಗಿ ಒಬ್ಬ ಯಹೂದಿಯ ಬಳಿ ಅಡವಿನಲ್ಲಿತ್ತು. ವರ್ಷದ ಆಹಾರ ಕೂಡಿಟ್ಟವರ ಮನೆಯಲ್ಲಿ ಬಾರ್ಲಿಗೂ ಸಾಲವೇ? ಇಮಾಮ್ ನವವಿ(ರಹ್) ಇದನ್ನು ವಿವರಿಸಿದ್ದಾರೆ. ಪ್ರವಾದಿ(ಸ) ವರ್ಷಕ್ಕೆಂದು ತೆಗೆದಿಡುತ್ತಿದ್ದರು, ಆದರೆ ವರ್ಷ ಮುಗಿಯುವ ಮೊದಲೇ ಅದನ್ನು ಸತ್ಕಾರ್ಯಗಳಿಗೆ ಖರ್ಚು ಮಾಡಿಬಿಡುತ್ತಿದ್ದರು. ಆ ಮನೆಯ ದಾಸ್ತಾನಿಗೆ ಬಾಗಿಲಿತ್ತು, ಬೀಗವಿರಲಿಲ್ಲ.

ಕುರ್ಬಾನಿ ಮಾಂಸದ ವಿಷಯದಲ್ಲೂ ಇದೇ ಕಾಣುತ್ತದೆ. ಒಂದು ವರ್ಷ ಮೂರು ದಿನಗಳಿಗಿಂತ ಹೆಚ್ಚು ಕಾಲ ಮಾಂಸ ಇಟ್ಟುಕೊಳ್ಳಬಾರದೆಂದು ಪ್ರವಾದಿ(ಸ) ತಡೆದರು. ಮರುವರ್ಷ ಸಹಾಬಿಗಳು ಅದೇ ನಿಯಮವೇ ಎಂದು ಕೇಳಿದಾಗ, ತಿನ್ನಿರಿ, ಇತರರಿಗೂ ತಿನ್ನಿಸಿರಿ, ಕೂಡಿಯೂ ಇಡಿರಿ ಎಂದರು. ಹಿಂದಿನ ವರ್ಷ ಜನರು ಕಷ್ಟದಲ್ಲಿದ್ದರು, ಅವರಿಗೆ ನೆರವಾಗಲಿ ಎಂದು ತಡೆದಿದ್ದಾಗಿ ಕಾರಣವನ್ನೂ ತಿಳಿಸಿದರು. ಅದೇ ಮಾಂಸ, ಅದೇ ಮನೆ. ಎಷ್ಟು ಕೂಡಿಡಬಹುದು ಎಂಬುದನ್ನು ಮಾತ್ರ ಊರಿನ ಹಸಿವು ತೀರ್ಮಾನಿಸಿತು.

ಆದ್ದರಿಂದಲೇ ವಿದ್ವಾಂಸರು ಎರಡು ಪದಗಳನ್ನು ಬೇರೆ ಬೇರೆಯಾಗಿ ಬಳಸಿದ್ದಾರೆ. ಮನೆಯ ಅಗತ್ಯಕ್ಕೆ ಕೂಡಿಡುವುದು ಇದ್ದಿಖಾರ್, ಅದು ಅನುಮತಿಸಲ್ಪಟ್ಟದ್ದು. ಬೆಲೆ ಏರಲೆಂದು ಸರಕನ್ನು ಬಚ್ಚಿಡುವುದು ಇಹ್ತಿಕಾರ್. ಅದನ್ನು ಮಾಡುವವನು ಪಾಪಿಯೆಂದು ಸಹೀಹ್ ಮುಸ್ಲಿಮ್‌ನ ಹದೀಸ್ ಹೇಳುತ್ತದೆ. ಉಮರ್(ರ) ತಮ್ಮ ಆಡಳಿತದಲ್ಲಿ ಮದೀನಾದ ಮಾರುಕಟ್ಟೆಯಲ್ಲಿ ಇಹ್ತಿಕಾರ್‌ಗೆ ಎಡೆಯಿಲ್ಲವೆಂದು ಸಾರಿದ್ದರು. ಚಳಿಯಲ್ಲೂ ಬಿಸಿಲಲ್ಲೂ ಬೆನ್ನ ಮೇಲೆ ಹೊತ್ತು ಸರಕು ತರುವವನು ತನ್ನ ಅತಿಥಿ ಎಂದೂ ಹೇಳಿದ್ದರು. ಇಮಾಮ್ ಮಾಲಿಕ್(ರಹ್) ಮುವತ್ತಾದಲ್ಲಿ ಇದನ್ನು ದಾಖಲಿಸಿದ್ದಾರೆ.

ಬೂದಿಯ ವರ್ಷ

ಆ ಬರಗಾಲಕ್ಕೆ ಚರಿತ್ರೆಯಲ್ಲಿ 'ಆಮುರ್ರಮಾದಾ' ಎಂದು ಹೆಸರು. ರಮಾದ್ ಎಂದರೆ ಬೂದಿ. ಮಳೆಯಿಲ್ಲದೆ ನೆಲ ಒಣಗಿ ಬೂದಿಯ ಬಣ್ಣಕ್ಕೆ ತಿರುಗಿತ್ತು. ಸುಮಾರು ಒಂಬತ್ತು ತಿಂಗಳು ಈ ಸ್ಥಿತಿ ಮುಂದುವರಿಯಿತು. ಮರುಭೂಮಿಯ ಗೋತ್ರಗಳು ಜಾನುವಾರು ಕಳಕೊಂಡು ಮದೀನಾದ ಸುತ್ತ ಬಂದು ಬೀಡುಬಿಟ್ಟವು.

ಜನರಿಗೆ ಒಳ್ಳೆಯ ದಿನ ಬರುವವರೆಗೆ ತುಪ್ಪ, ಹಾಲು, ಮಾಂಸ ಮುಟ್ಟುವುದಿಲ್ಲ ಎಂದು ಉಮರ್(ರ) ಶಪಥ ಮಾಡಿದರು. ಎಣ್ಣೆಯಲ್ಲಿ ರೊಟ್ಟಿ ತಿಂದು ತಿಂದು ಅವರ ಮೈಬಣ್ಣವೇ ಕಪ್ಪಾಯಿತೆಂದು ಕಂಡವರು ಹೇಳಿದ್ದಾರೆ. ಒಂದು ದಿನ ಮಾರುಕಟ್ಟೆಗೆ ಒಂದು ಚರ್ಮದ ಚೀಲ ತುಪ್ಪ, ಒಂದು ಚೀಲ ಹಾಲು ಬಂತು. ಖಲೀಫರ ಸೇವಕ ಅದನ್ನು 40 ದಿರ್ಹಮ್ ಕೊಟ್ಟು ಕೊಂಡುತಂದ. ಉಮರ್(ರ) ಅದನ್ನು ಮುಟ್ಟಲಿಲ್ಲ. ಇಷ್ಟು ಬೆಲೆ ಕೊಟ್ಟು ತಂದದ್ದು ದುಂದಾಯಿತು, ಎರಡನ್ನೂ ಸದಕಾ ಮಾಡು ಎಂದರು. ಜನರಿಗೆ ತಟ್ಟಿದ್ದು ತನಗೆ ತಟ್ಟದಿದ್ದರೆ ಅವರ ಸ್ಥಿತಿ ತನಗೆ ಹೇಗೆ ಅರ್ಥವಾದೀತು ಎಂದು ಕೇಳಿದರು. ತಬರಿ ತಮ್ಮ ಇತಿಹಾಸದಲ್ಲಿ ಇದನ್ನು ಬರೆದಿದ್ದಾರೆ.

ಸೇವಕನ ಮೇಲೆ ಕೆಟ್ಟ ಉದ್ದೇಶದ ಆರೋಪವಿಲ್ಲ. ತನ್ನ ಯಜಮಾನ ಬಡಕಲಾಗುವುದನ್ನು ಅವನಿಗೆ ನೋಡಲಾಗಲಿಲ್ಲ. ನಾವು ಕೂಡ ಮಕ್ಕಳ ಮುಖ ನೋಡಿಯೇ ಅಂಗಡಿಗೆ ಓಡುತ್ತೇವೆ. ಆದರೆ ಅಭಾವದ ದಿನ ಒಬ್ಬನು ಕೇಳಿದಷ್ಟು ಬೆಲೆ ಕೊಟ್ಟರೆ ಮುಂದಿನವನಿಗೂ ಅದೇ ಬೆಲೆ ನಿಲ್ಲುತ್ತದೆ.

ಉಮರ್(ರ) ಊಟದ ವ್ಯವಸ್ಥೆ ಮಾಡಿದರು. ಇಬ್ನ್ ಸಅದ್ ಬರೆದಂತೆ, ಅವರು ಒಂದು ರಾತ್ರಿ ಲೆಕ್ಕ ಹಾಕಿಸಿದಾಗ ಬಂದು ಉಂಡವರು 7,000 ಮಂದಿ. ಆ ಮೇಲೆ ಬರಲಾಗದವರನ್ನು, ಅಂದರೆ ರೋಗಿಗಳು, ಮಕ್ಕಳು, ಮನೆಮಂದಿಯನ್ನು ಲೆಕ್ಕ ಹಾಕಿಸಿದರು. ಅವರು 40,000. ಅವರಿಗೆ ಇದ್ದಲ್ಲಿಗೇ ಆಹಾರ ತಲುಪಿಸಲಾಯಿತು. ಎದುರಿಗೆ ಬಂದು ನಿಂತ ಹಸಿವು ಎಲ್ಲರಿಗೂ ಕಾಣುತ್ತದೆ. ಮನೆಯೊಳಗೇ ಉಳಿದ ಹಸಿವನ್ನು ಹುಡುಕಿಕೊಂಡು ಹೋಗಬೇಕು.

ಅಬೂ ಹುರೈರಾ(ರ) ಒಮ್ಮೆ ಉಮರ್(ರ)ರನ್ನು ದಾರಿಯಲ್ಲಿ ಕಂಡರು. ಬೆನ್ನ ಮೇಲೆ ಎರಡು ಚೀಲ, ಕೈಯಲ್ಲಿ ಎಣ್ಣೆಯ ಪಾತ್ರೆ. ಸೇವಕ ಅಸ್ಲಮ್ ಮತ್ತು ಖಲೀಫರು ಸರದಿಯಲ್ಲಿ ಹೊರುತ್ತಿದ್ದರು. ಸಿರಾರ್ ಎಂಬಲ್ಲಿ ಹಸಿದು ಬಂದಿದ್ದ ಸುಮಾರು ಇಪ್ಪತ್ತು ಕುಟುಂಬಗಳಿಗೆ ಅವರೇ ಅಡುಗೆ ಮಾಡಿ ಉಣಿಸಿದರು. ಹಿಟ್ಟು ಬೇಯಿಸುತ್ತಿದ್ದ ಒಬ್ಬ ಹೆಂಗಸಿಗೆ, ನೀರು ಕಾಯುವ ಮೊದಲು ಹಿಟ್ಟು ಹಾಕಬೇಡ, ಕಾದ ಮೇಲೆ ಸ್ವಲ್ಪ ಸ್ವಲ್ಪವೇ ಉದುರಿಸಿ ತಿರುವು, ಆಗ ಗಂಟು ಕಟ್ಟದು ಎಂದು ಅವರು ತೋರಿಸಿಕೊಟ್ಟದ್ದೂ ವರದಿಯಾಗಿದೆ. ನಮ್ಮ ಮನೆಗಳಲ್ಲಿ ಮುದ್ದೆ ತಿರುವುವವರಿಗೆ ಈ ಮಾತಿನ ಬೆಲೆ ಗೊತ್ತು.

ಮಳೆಗಾಗಿ ಪ್ರವಾದಿ(ಸ)ರ ಚಿಕ್ಕಪ್ಪ ಅಬ್ಬಾಸ್(ರ)ರನ್ನು ಮುಂದಿಟ್ಟು ಪ್ರಾರ್ಥಿಸಲಾಯಿತು. ಅಲ್ಲಾಹನು ಮಳೆ ಸುರಿಸಿದನು. ಆಗ ಉಮರ್(ರ) ಹೇಳಿದ ಒಂದು ಮಾತನ್ನು ಇಮಾಮ್ ಬುಖಾರಿ(ರಹ್) ಅದಬುಲ್ ಮುಫ್ರದ್‌ನಲ್ಲಿ ಉಳಿಸಿದ್ದಾರೆ. ಅಲ್ಲಾಹನು ಈ ಕಷ್ಟ ನೀಗಿಸದಿರುತ್ತಿದ್ದರೆ, ಉಳ್ಳವರ ಪ್ರತಿ ಮನೆಗೂ ಆ ಮನೆಯವರಷ್ಟೇ ಸಂಖ್ಯೆಯ ಬಡವರನ್ನು ಸೇರಿಸಿಬಿಡುತ್ತಿದ್ದೆ; ಒಬ್ಬನಿಗೆ ಸಾಕಾಗುವ ಊಟ ಹಂಚಿಕೊಂಡು ಇಬ್ಬರು ಸಾಯುವುದಿಲ್ಲ. ಇದು ಅವರ ಮಾತಿನ ಸಾರ. ಪ್ರವಾದಿ(ಸ) ವರ್ಷದ ಆಹಾರ ತೆಗೆದಿಡುತ್ತಿದ್ದರೆಂದು ನಮಗೆ ತಿಳಿಸಿದವರೂ ಇವರೇ ಎಂಬುದನ್ನು ಇಲ್ಲಿ ನೆನೆಯಬೇಕು.

4,000 ಒಂಟೆಗಳನ್ನು ಕಳಿಸಿದವರು

ಉಮರ್(ರ) ಪ್ರಾಂತಗಳಿಗೆ ಪತ್ರ ಬರೆದಿದ್ದರು. ಮೊದಲು ತಲುಪಿದ್ದು ಸಿರಿಯಾದ ನೆರವು. ಅಲ್ಲಿನ ಸೇನಾಧಿಪತಿ ಅಬೂ ಉಬೈದಾ ಬಿನ್ ಜರ್ರಾಹ್(ರ) 4,000 ಒಂಟೆಗಳ ಮೇಲೆ ಆಹಾರ ಹೇರಿಸಿಕೊಂಡು ಬಂದರೆಂದು ತಬರಿ ಬರೆದಿದ್ದಾರೆ. ಖಲೀಫರು 4,000 ದಿರ್ಹಮ್ ಕೊಡಲು ಹೋದಾಗ, ತಾನು ಮಾಡಿದ್ದು ಅಲ್ಲಾಹನಿಗಾಗಿ ಎಂದು ಅವರು ಬೇಡವೆಂದರು. ಒತ್ತಾಯಿಸಿದ ಮೇಲೆ ಸ್ವೀಕರಿಸಿದರು.

ಅದೇ ಅಬೂ ಉಬೈದಾ(ರ)ರ ಮೇಲೆ ಇನ್ನೊಂದು ಪರೀಕ್ಷೆ ಬಂತು. ಫೆಲೆಸ್ತೀನಿನಲ್ಲಿ ಬೈತುಲ್ ಮುಕದ್ದಸ್ ಮತ್ತು ರಮ್ಲಾದ ನಡುವೆ ಇದ್ದ ಅಮ್ವಾಸ್ ಎಂಬ ಊರಿನಲ್ಲಿ ಪ್ಲೇಗ್ ಕಾಣಿಸಿಕೊಂಡು ಸಿರಿಯಾವನ್ನು ವ್ಯಾಪಿಸಿತು. ಸಿರಿಯಾಕ್ಕೆ ಹೊರಟಿದ್ದ ಉಮರ್(ರ) ಸರ್ಗ್ ಎಂಬಲ್ಲಿ ಈ ಸುದ್ದಿ ಕೇಳಿ ನಿಂತರು. ಮುಹಾಜಿರ್‌ಗಳನ್ನು ಕೇಳಿದರು, ಅನ್ಸಾರ್‌ಗಳನ್ನು ಕೇಳಿದರು, ಇಬ್ಬರಲ್ಲೂ ಒಮ್ಮತ ಬರಲಿಲ್ಲ. ಕುರೈಷರ ಹಿರಿಯರು ಮರಳುವುದೇ ಸರಿ ಎಂದರು. ಅಲ್ಲಾಹನ ವಿಧಿಯಿಂದ ಓಡುವುದೇ ಎಂದು ಅಬೂ ಉಬೈದಾ(ರ) ಕೇಳಿದಾಗ, ಅಲ್ಲಾಹನ ಒಂದು ವಿಧಿಯಿಂದ ಇನ್ನೊಂದು ವಿಧಿಯೆಡೆಗೆ ಹೋಗುತ್ತಿದ್ದೇವೆ ಎಂದು ಉಮರ್(ರ) ಉತ್ತರಿಸಿದರು. ಅಷ್ಟರಲ್ಲಿ ಅಬ್ದುರ್ರಹ್ಮಾನ್ ಬಿನ್ ಔಫ್(ರ) ಬಂದು ಪ್ರವಾದಿ(ಸ)ರಿಂದ ತಾನು ಕೇಳಿದ್ದನ್ನು ತಿಳಿಸಿದರು. ಒಂದು ಊರಿನಲ್ಲಿ ಪ್ಲೇಗ್ ಇದೆಯೆಂದು ತಿಳಿದರೆ ಅಲ್ಲಿಗೆ ಹೋಗಬೇಡಿ, ನೀವಿರುವ ಊರಿನಲ್ಲಿ ಅದು ಬಂದರೆ ತಪ್ಪಿಸಿಕೊಳ್ಳಲೆಂದು ಹೊರಡಬೇಡಿ. ಉಮರ್(ರ) ಅಲ್ಲಾಹನನ್ನು ಸ್ತುತಿಸಿ ಮದೀನಾಕ್ಕೆ ಮರಳಿದರು.

ಹೊರಡಬೇಡಿ ಎಂಬುದರ ಕಾರಣವನ್ನು ಇಮಾಮ್ ಗಝಾಲಿ(ರಹ್) ಇಹ್ಯಾದಲ್ಲಿ ವಿವರಿಸುತ್ತಾರೆ. ಆರೋಗ್ಯವಂತರೆಲ್ಲ ಊರು ಬಿಟ್ಟರೆ ಅಲ್ಲಿ ಏಳಲಾಗದ ರೋಗಿಗಳು ಮಾತ್ರ ಉಳಿಯುತ್ತಾರೆ. ಅವರಿಗೆ ನೀರು ಕುಡಿಸುವವರಿಲ್ಲ, ಊಟ ಕೊಡುವವರಿಲ್ಲ. ಅಂದರೆ ಈ ನಿರ್ಬಂಧದ ಒಳಗೇ ಅನ್ನದ ಜವಾಬ್ದಾರಿಯೂ ಅಡಗಿದೆ. ಒಳಗಿರಬೇಕು ಎಂದ ಮೇಲೆ, ಒಳಗಿರುವವರು ಉಣ್ಣಬೇಕು.

ಉಮರ್(ರ) ಅಬೂ ಉಬೈದಾ(ರ)ರಿಗೆ, ಒಂದು ತುರ್ತು ಕೆಲಸವಿದೆ, ಕೂಡಲೇ ಹೊರಟು ಬಾ ಎಂದು ಬರೆದರು. ತನ್ನನ್ನು ಉಳಿಸಲು ಮಾಡಿದ ಉಪಾಯವಿದು ಎಂದು ಅಬೂ ಉಬೈದಾ(ರ)ರಿಗೆ ತಿಳಿಯಿತು. ತಾನು ಮುಸ್ಲಿಮರ ಸೈನ್ಯದ ನಡುವೆ ಇದ್ದೇನೆ, ಅವರನ್ನು ಬಿಟ್ಟು ತನ್ನೊಬ್ಬನ ಜೀವ ಉಳಿಸಿಕೊಳ್ಳಲಾರೆ, ಕ್ಷಮಿಸಬೇಕು ಎಂದು ಬರೆದರು. ಓಲೆ ಓದಿ ಉಮರ್(ರ) ಅತ್ತರು. ಅಬೂ ಉಬೈದಾ ತೀರಿಕೊಂಡರೇ ಎಂದು ಸುತ್ತಲಿದ್ದವರು ಕೇಳಿದರು. ಇಲ್ಲ, ಆದರೆ ಆದಂತೆಯೇ ಎಂದರು. ಜನರನ್ನು ಎತ್ತರದ, ಶುಭ್ರವಾದ ಜಾಗಕ್ಕೆ ಸ್ಥಳಾಂತರಿಸಲು ಮತ್ತೆ ಪತ್ರ ಹೋಯಿತು. ಆ ಹೊತ್ತಿಗೆ ಕಾಲ ಮೀರುತ್ತಿತ್ತು. ಮದೀನಾದ ಹಸಿದವರಿಗೆ 4,000 ಒಂಟೆಗಳ ಮೇಲೆ ಅನ್ನ ತಂದವರು ಪ್ಲೇಗ್‌ನಲ್ಲಿ ತೀರಿಕೊಂಡರು. ಅವರ ನಂತರ ಹೊಣೆ ಹೊತ್ತ ಮುಆದ್ ಬಿನ್ ಜಬಲ್(ರ) ಮಗನನ್ನು ಕಳಕೊಂಡು ತಾವೂ ತೀರಿಕೊಂಡರು. ಕೊನೆಗೆ ಅಮ್ರ್ ಬಿನ್ ಆಸ್(ರ), ಇದು ಬೆಂಕಿಯಂತೆ ಹರಡುತ್ತದೆ, ಬೆಟ್ಟಗಳಿಗೆ ಚದುರಿ ಹೋಗಿರಿ ಎಂದರು. ಜನರು ಚದುರಿದರು, ರೋಗ ಇಳಿಯಿತು. ಉಮರ್(ರ) ಇದನ್ನು ಆಕ್ಷೇಪಿಸಲಿಲ್ಲ. ಚರಿತ್ರೆಕಾರರ ಲೆಕ್ಕದಲ್ಲಿ ಸತ್ತವರು ಸುಮಾರು 25,000. ರೋಗ ನಿಂತ ಮೇಲೆ ಉಮರ್(ರ) ತಾವೇ ಸಿರಿಯಾಕ್ಕೆ ಹೋಗಿ, ವಾರಸುದಾರರು ಯಾರೆಂದೇ ತಿಳಿಯದಂತಾಗಿದ್ದ ಆಸ್ತಿಗಳನ್ನು ಹಂಚಿಕೊಟ್ಟರು.

ನಮ್ಮ ಮನೆಯ ಲೆಕ್ಕ

ಅಂಟುರೋಗ ಬಂದ ಮನೆಯವರು ಇಂದಿಗೂ ಒಂದೆರಡು ವಾರ ಹೊರಬಾರದೆ ಇರಬೇಕಾಗುತ್ತದೆ. ಅಂಥ ದಿನಗಳಿಗೆಂದು ಅಕ್ಕಿ, ಬೇಳೆ, ಹಿಟ್ಟು, ಎಣ್ಣೆ, ಉಪ್ಪು, ಹಿರಿಯರ ಮಾತ್ರೆಗಳನ್ನು ತೆಗೆದಿಡುವುದು ಸುನ್ನತ್‌ಗೆ ಹೊಂದುವ ಕೆಲಸ. ಮನೆಯಲ್ಲಿ ಅನ್ನವಿದ್ದವನು ರೋಗ ಹೊತ್ತು ಅಂಗಡಿಗೆ ಹೋಗಬೇಕಾಗಿಲ್ಲ. ಪ್ಲೇಗ್‌ನ ಕಾಲದಲ್ಲಿ ಅಲ್ಲಾಹನ ಪ್ರತಿಫಲ ಬಯಸಿ ಸಹನೆಯಿಂದ ಇದ್ದಲ್ಲೇ ಇರುವವನಿಗೆ ಹುತಾತ್ಮನಿಗೆ ಸಮಾನವಾದ ಪುಣ್ಯವಿದೆ ಎಂಬ ಹದೀಸನ್ನು ಆಯಿಶಾ(ರ) ವರದಿ ಮಾಡಿದ್ದಾರೆ.

ಆದರೆ ಕೂಡಿಡುವುದನ್ನು ಸುಭಿಕ್ಷೆಯ ದಿನಗಳಲ್ಲಿ, ಸ್ವಲ್ಪ ಸ್ವಲ್ಪವಾಗಿ ಮಾಡಬೇಕು. ಯೂಸುಫ್(ಅ) ಕೂಡಿಸಿದ್ದು ಬೆಳೆ ಚೆನ್ನಾಗಿದ್ದ ವರ್ಷಗಳಲ್ಲಿ. ಘೋಷಣೆಯಾದ ರಾತ್ರಿ ಅಂಗಡಿಗೆ ಹೋಗಬೇಕಾಗಿ ಬಂದರೆ, ಹಿಂದೆ ನಿಂತವನ ಖಾಲಿ ಚೀಲವೂ ನಮ್ಮ ಲೆಕ್ಕದಲ್ಲಿರಲಿ. ಎರಡು ವಾರಕ್ಕೆ ಸಾಕಾಗುವಲ್ಲಿ ಎರಡು ತಿಂಗಳದ್ದನ್ನು ಹೊರುವುದು ಬೇಡ. ಅಂಗಡಿ ನಡೆಸುವ ಸಹೋದರರು ಅಂದು ಬೆಲೆ ಏರಿಸದಿರುವುದೇ ಅವರ ದೊಡ್ಡ ಸದಕಾ.

ಮನೆಗೆ ಬಂದು ಡಬ್ಬಗಳನ್ನು ತುಂಬಿಸಿದ ಮೇಲೆ ಇನ್ನೊಂದು ಕೆಲಸ ಉಳಿಯುತ್ತದೆ. ಬೀದಿಯಲ್ಲಿ ಒಂಟಿಯಾಗಿರುವ ಅಜ್ಜಿ ಯಾರು, ಕೂಲಿ ನಿಂತ ಮನೆ ಯಾವುದು, ಯಾರ ಮನೆಯಲ್ಲಿ ರೋಗಿ ಮಲಗಿದ್ದಾರೆ ಎಂದು ಉಮರ್(ರ) ಹಾಕಿಸಿದಂತೆ ಲೆಕ್ಕ ಹಾಕುವುದು. ಅವರು ಮುಸ್ಲಿಮರಾಗಿರಲಿ, ಅಲ್ಲದಿರಲಿ, ನೆರೆಯವರ ಹಕ್ಕು ಒಂದೇ. 2020ರಲ್ಲಿ ನಮ್ಮ ಎಷ್ಟೋ ಯುವಕರು ಆ ಕೆಲಸವನ್ನು ಮಾಡಿ ತೋರಿಸಿದರು. ಚೀಲ ಬಾಗಿಲಲ್ಲಿಟ್ಟು, ಕರೆಗಂಟೆ ಒತ್ತಿ, ದೂರ ಸರಿದು ನಿಂತರು.

ಅಲ್ಲಾಹನು ನಮ್ಮ ಮನೆಗಳಲ್ಲಿ ಬರ್ಕತ್ ನೀಡಲಿ, ನಮ್ಮ ದಾಸ್ತಾನಿನ ಬಾಗಿಲು ಹಸಿದವರಿಗೆ ತೆರೆದೇ ಇರುವಂತೆ ಮಾಡಲಿ. ಆಮೀನ್.