ವೇಣೂರಿನ ಗುಮ್ಮಟನೂ ಪಾಂಡ್ಯಕ್ಕನೂ

ಧರ್ಮಸ್ಥಳಂದ ಮೂಡಬಿದ್ರೆಗೆ ಹೋಪ ದಾರಿಲಿ ವೇಣೂರು ಸಿಕ್ಕುತ್ತನ್ನೆ. ಬಸ್ಸಿಲಿ ಕೂದೊಂಡು ಹೋಪವಕ್ಕೆ ಅದೊಂದು ಸಣ್ಣ ಪೇಟೆ ಅಷ್ಟೆ. ಇಳುದು ಫಲ್ಗುಣಿ ಹೊಳೆಕರೆಂಗೆ ಹೋದರೆ 35 ಅಡಿ ಎತ್ತರದ ಗುಮ್ಮಟ, ಅದರ ಎರಡು ಹೊಡೆಲಿ ಸಣ್ಣ ಸಣ್ಣ ಬಸದಿಗೊ. ರಜ ಆಚಿಕೆ ಕಲ್ಲು ಬಸದಿದೇ ಇದ್ದು. ಒಂದು ಕಾಲಲ್ಲಿ ಇದು ಅಜಿಲ ಅರಸುಗಳ ರಾಜಧಾನಿ.

ಗುಮ್ಮಟನ ನಿಲ್ಸಿದ್ದು ತಿಮ್ಮಣ್ಣ ಅಜಿಲ, 1604ನೇ ಇಸವಿ ಮಾರ್ಚ್ 1ಕ್ಕೆ. ಕಾರ್ಕಳದ ಗುಮ್ಮಟ 1432ರದ್ದು, ಇದರಿಂದ ದೊಡ್ಡದುದೇ. ಆದರೂ ಕಾರ್ಕಳದ ಭೈರವರಸಂಗೆ ಸಹಿಸಿದ್ದಿಲ್ಲೆ ಅಡ. ಎಂಗಳ ಊರಿನ ಹೆಸರು ಕೆಳ ಹೋಕು ಹೇಳಿ ದಂಡು ಕಟ್ಟಿಗೊಂಡು ಬಂದ ಅಡ. ಅಂಬಗ ಅಜಿಲ ಎಂತ ಮಾಡಿದ? ಗುಮ್ಮಟನ ಹೊಳೆಯ ಹೊಯಿಗೆಲಿ ಹುಗುದು ಮಡುಗಿದ ಅಡ! ಇದು ಬಾಯಿಂದ ಬಾಯಿಗೆ ಬಂದ ಕತೆ, ಕಲ್ಲಿಲಿ ಬರದ್ದಲ್ಲ. ಬೇಸಗೆಲಿ ಹೊಳೆಯ ಹೊಯಿಗೆ ಕಾಂಬಗ ಅಪ್ಪಾದಿಕ್ಕು ಹೇಳಿ ಕಾಣ್ತು. ಆಟಿ ತಿಂಗಳ ಕೆಂಪು ನೀರು ನೋಡಿದವಕ್ಕೆ ಹಾಂಗೆ ಕಾಣ. ಇದೇ ಹೊಳೆ ಕೆಳ ಹೋಗಿ ಗುರುಪುರ ಹೊಳೆ ಆವ್ತು, ಮಂಗ್ಳೂರಿಲಿ ನೇತ್ರಾವತಿಯೊಟ್ಟಿಂಗೆ ಕಡಲಿಂಗೆ ಸೇರ್ತು.

ಎನ್ನ ಮನಸ್ಸಿಂಗೆ ಹಿಡುದ್ದು ಆ ಕತೆ ಅಲ್ಲ, ಗುಮ್ಮಟನ ಕರೆಲಿ ಕೊರದ ಶಾಸನ. ತಿಮ್ಮಣ್ಣ ಆರು ಹೇಳಿ ಹೇಳುಲೆ ರಾಯಕುವರನ ಅಳಿಯ, ಪಾಂಡ್ಯಕ್ಕನ ಮಗ, ಪಾಂಡ್ಯರಾಜನ ತಮ್ಮ ಹೇಳಿ ಬರದ್ದವು. ಅಳಿಯಸಂತಾನ ಅಲ್ಲದೋ? ಪಟ್ಟ ಬಪ್ಪದು ಸೋದರಮಾವನಿಂದ ಅಳಿಯಂಗೆ. ಅಬ್ಬೆ ಆರು ಹೇಳಿ ಗೊಂತಾಗದ್ರೆ ಅರಸುತನಕ್ಕೆ ಬೇರೇ ಇಲ್ಲೆ.

ಎಂಗಳ ಮನೆಲಿ ಏಳು ತಲೆಮಾರಿನ ವಂಶವೃಕ್ಷ ಬರದು, ಕಟ್ಟು ಹಾಕ್ಸಿ, ಚಾವಡಿಲಿ ನೇಲ್ಸಿದ್ದವು. ಅದರಲ್ಲಿ ಎನ್ನ ಅತ್ತೆಯ ಹೆಸರಿಲ್ಲೆ, ಅತ್ತೆಯ ಅತ್ತೆದೂ ಇಲ್ಲೆ. ಎಂಗಳದ್ದು ಅಳಿಯಸಂತಾನ ಅಲ್ಲ ಅಪ್ಪು. ಹೆಸರು ಬರವಲೆ ಕಟ್ಟುಕಟ್ಟಳೆ ಎಂತಕೆ? ಮನ್ನೆ ಅದರ ಕೆಳ ಇಳುಶಿ, ಗಾಜು ತೆಗದು, ಪೆನ್ಸಿಲಿಲಿ ಗೊಂತಿಪ್ಪಷ್ಟು ಹೆಸರು ಬರದೆ. ನಾಲ್ಕೇ ಸಿಕ್ಕಿದ್ದು. ಮತ್ತಾಣದ್ದು ಕೇಳ್ಲೆ ಈಗ ಹೆರಿಯವು ಆರೂ ಒಳುದ್ದವಿಲ್ಲೆ.

ಗುಮ್ಮಟನ ಕರೆಲಿಪ್ಪ ಬಸದಿಗಳಲ್ಲಿ ಒಂದಕ್ಕೆ ಅಕ್ಕಂಗಳ ಬಸದಿ ಹೇಳಿಯೇ ಹೆಸರು, ರಾಣಿಯಕ್ಕೊ ಕಟ್ಸಿದ್ದು. ಇನ್ನೊಂದು ಬಿನ್ನಾಣಿ ಬಸದಿ. 2024ರ ಮಹಾಮಸ್ತಕಾಭಿಷೇಕಕ್ಕೆ ಹೋದವು ನಿಂಗಳಲ್ಲಿಯೂ ಇಕ್ಕು. ಎಳನೀರು, ಹಾಲು, ಅರಿಶಿನ ಎರವದರ ಎಲ್ಲೋರೂ ಮೊಬೈಲಿಲಿ ತೆಗದ್ದವು. ಅಕ್ಕಂಗಳ ಬಸದಿಯ ಮೆಟ್ಳು ಹತ್ತಿದವು ಎಷ್ಟು ಜನ? ಇನ್ನು ಹೋಪಗ ಅಲ್ಲಿ ಚಂದ್ರನಾಥನ ನೋಡಿಕ್ಕಿ ಬನ್ನಿ. ಶಾಸನಲ್ಲಿ ಪಾಂಡ್ಯಕ್ಕನ ಹೆಸರು ಎಲ್ಲಿದ್ದು ಹೇಳಿ ಇಂದ್ರರ ಹತ್ತರೆ ಕೇಳಿ.