ಎರಡು ವರ್ಷ ಬಳ್ಳಾರಿ, ಆಮೇಲೆ ಮದ್ರಾಸು | ಭಾಗ 4

ಫೋಟೋದಲ್ಲಿರೋದು ರಾಘವ ಕಲಾಮಂದಿರ. ನಾಟಕದ ಬಳ್ಳಾರಿ ರಾಘವ ನಮಗೆಲ್ಲ ಗೊತ್ತು. 1880ರಲ್ಲಿ ಹುಟ್ಟಿದ ಅವರು ಶಾಲೆ ಓದಿದ್ದು ಬಳ್ಳಾರಿಯಲ್ಲಿ, ಡಿಗ್ರಿ ಮಾತ್ರ ಮದ್ರಾಸ್ ಕ್ರಿಶ್ಚಿಯನ್ ಕಾಲೇಜಲ್ಲಿ. ಅಷ್ಟು ದೂರ ಯಾಕೆ?

ಆಗ ನಮ್ಮದು ಮದ್ರಾಸ್ ಪ್ರಾಂತ್ಯ. 19ನೇ ಶತಮಾನದ ಕೊನೆಗೆ ಊರಲ್ಲಿದ್ದ ವಾರ್ಡ್ಲಾ ಕಾಲೇಜು ‘ಎರಡನೇ ದರ್ಜೆ’ದು. ಕಳಪೆ ಅಂತಲ್ಲ, ಎರಡು ವರ್ಷದ ಎಫ್.ಎ. ತನಕ ಮಾತ್ರ ಪಾಠ. ಬಿ.ಎ. ಬೇಕಂದ್ರೆ ಬೇರೆ ಊರಿನ ಮೊದಲ ದರ್ಜೆ ಕಾಲೇಜು ಸೇರಬೇಕು. ರೈಲಿಗೆ, ಹಾಸ್ಟೆಲ್‌ಗೆ ದುಡ್ಡಿದ್ದವರು ಹೋದ್ರು. ಇಲ್ಲದವರ ಓದು ಅಲ್ಲಿಗೇ ನಿಂತಿತು.

1945ರಲ್ಲಿ ವೀರಶೈವ ಕಾಲೇಜು ಬಂತು. 1953ರಲ್ಲಿ ಬಳ್ಳಾರಿ ಮೈಸೂರು ರಾಜ್ಯ ಸೇರಿತು. 1980ರಲ್ಲಿ ಗುಲ್ಬರ್ಗ ವಿವಿ, 2010ರಲ್ಲಿ ನಮ್ಮೂರಿಗೇ ವಿಜಯನಗರ ಶ್ರೀಕೃಷ್ಣದೇವರಾಯ ವಿವಿ.

ಈಗ ಮೋಕದಿಂದ ಬೆಳಿಗ್ಗೆ ಬಸ್ ಹತ್ತಿದ್ರೆ ಎಂ.ಕಾಂ. ಕ್ಲಾಸ್ ಮುಗಿಸಿ ಸಂಜೆಗೆ ಮನೆ. ಆದ್ರೂ ಅಜ್ಜಿ ಕೇಳ್ತಾಳೆ, “ಬಿಕಾಂ ಸಾಕಲ್ಲೇನವಾ?”

ಹಿಂದಿನವರನ್ನ ತಡೆದದ್ದು ದೂರ. ನನ್ನ ತಡೆಯೋಕೆ ಆ ಕಾರಣನೂ ಉಳಿದಿಲ್ಲ. ಅರ್ಜಿ ಹಾಕ್ತೀನಿ.

ನಿಮ್ಮನೇಲಿ ಯಾರ ಓದು ಎಲ್ಲಿ ನಿಂತಿತು? ಕೇಳಿ ನೋಡಿ.